ಗೋಡೆಯ ಮೇಲಿನ ಅತ್ತಿಗೆ

ಔಷಧಿ ಅಂಗಡಿಗೆ ಹೋಗಿದ್ದ ಅತ್ತಿಗೆ ಆ ಸಂಜೆ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು. ಕೈಚೀಲ ಮಡಿಲಲ್ಲೇ ಇತ್ತು. ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದ ನಾದಿನಿಗೆ ಕೇಳಿಸುವಂತೆ, ಯಾವ ಅವಸರವೂ ಇಲ್ಲದ ದನಿಯಲ್ಲಿ ಹೇಳಿದಳು:

"ನಾನು ಬಸ್‌ಸ್ಟಾಪಲ್ಲಿ ನಿಂತಿದ್ದೀನಿ ಕಣೇ."

"ಯಾಕೆ, ಬಸ್ ಸಿಗ್ಲಿಲ್ವಾ? ನಡ್ಕೊಂಡೇ ಬಂದ್ರಾ?"

"ಬಂದಿದ್ದೇನೋ ಬಂದೆ. ಆದ್ರೂ ಅಲ್ಲೇ ನಿಂತಿದ್ದೀನಿ. ಮುಲಾಮು ಮಾರ್ತಾ."

ನಾದಿನಿ ಒಲೆ ಸಣ್ಣ ಮಾಡಿ ಹೊರಗೆ ಬಂದು ಅತ್ತಿಗೆಯ ಮುಖವನ್ನೇ ನೋಡಿದಳು.

"ಹಾಗೆ ನೋಡ್ಬೇಡ, ನನಗಿನ್ನೂ ಅರಳುಮರಳು ಹಿಡಿದಿಲ್ಲ. ಮಿಲ್ಲಿನ ಮುಷ್ಕರದಲ್ಲಿ ನೀನೊಂದು ಪೋಸ್ಟರ್ ಮಾಡಿದ್ಯಲ್ಲ, ಅದರಲ್ಲಿದ್ದ ನಾನೇ. ತಲೆಗೆ ಬಟ್ಟೆ ಕಟ್ಕೊಂಡು, ಅಗಲಕ್ಕೆ ಬಾಯಿ ತೆಕ್ಕೊಂಡು. ಮೇಲೆ 'ಇನ್ನು ಸಾಕು' ಅಂತ ನಿನ್ನ ಅಕ್ಷರವೇ ಇದೆ. ಕೆಳಗೆ ಮಾತ್ರ 'ಮಂಡಿನೋವೇ? ಸೊಂಟನೋವೇ?' ಅಂತ ಬರೆದು ಪಕ್ಕದಲ್ಲಿ ಒಂದು ಡಬ್ಬಿ ಇಟ್ಟಿದ್ದಾರೆ." ಅತ್ತಿಗೆ ಬಗ್ಗಿ ಚಪ್ಪಲಿ ಕಳಚಿದಳು. "ಮಂಡಿನೋವು ಅಂತ ಔಷಧಿ ತರೋಕೆ ಹೋದರೆ ನಾನೇ ಅಲ್ಲಿ ನಿಂತು ನನಗೇ ಔಷಧಿ ಹೇಳ್ತಿದ್ದೀನಿ. ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ. ಎರಡೂ ಬೇಡ ಅಂತ ಬಂದ್ಬಿಟ್ಟೆ."

ನಾದಿನಿಯನ್ನು ಆ ಬೀದಿಯವರೆಲ್ಲ ಬೋರ್ಡಕ್ಕ ಎನ್ನುತ್ತಿದ್ದರು. ಹರೆಯದಲ್ಲಿ ಅವಳು ಆ ಸುತ್ತಿನ ಅಂಗಡಿಗಳ ಬೋರ್ಡುಗಳನ್ನೆಲ್ಲ ಬಣ್ಣದ ಡಬ್ಬಿ ಹಿಡಿದು ಏಣಿ ಹತ್ತಿ ಬರೆದವಳು. ಹೆಣ್ಣುಮಗಳೊಬ್ಬಳು ಏಣಿ ಹತ್ತುವುದನ್ನು ನೋಡಲಿಕ್ಕೆಂದೇ ಆಗ ಜನ ನಿಲ್ಲುತ್ತಿದ್ದರು. ಬೋರ್ಡಿನಿಂದ ಸಿನಿಮಾ ಪೋಸ್ಟರಿಗೆ, ಅಲ್ಲಿಂದ ಸೋಪು, ಬಿಸ್ಕತ್ತು, ಸೈಕಲ್ಲುಗಳ ಜಾಹೀರಾತಿಗೆ ಹೋದಳು. ಆ ಕಾಲದ ಜಾಹೀರಾತು ಬಾಯಿತುಂಬ ಮಾತಾಡುತ್ತಿತ್ತು. ಸೈಕಲ್ಲಿನ ಚಿತ್ರ ಅಂಗೈಯಷ್ಟಿದ್ದರೆ ಅದರ ಗುಣಗಾನ ಗೋಡೆಯುದ್ದ ಇರುತ್ತಿತ್ತು. ಆಮೇಲೆ ಫೋಟೋ ಬಂತು, ಕಂಪ್ಯೂಟರ್ ಬಂತು. "ಅಕ್ಷರ ಕಮ್ಮಿ ಆಗ್ತಾ ಹೋಯ್ತು, ಹಲ್ಲು ಜಾಸ್ತಿ ಆಗ್ತಾ ಬಂತು," ಎನ್ನುತ್ತಿದ್ದಳು ಬೋರ್ಡಕ್ಕ. ಈಗ ಅವಳು ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಹುಟ್ಟುಹಬ್ಬದ ಶುಭಾಶಯ ಮತ್ತು ಶ್ರದ್ಧಾಂಜಲಿಯ ಬ್ಯಾನರುಗಳನ್ನು ಮಾಡುತ್ತಿದ್ದಳು. ಎರಡಕ್ಕೂ ಒಂದೇ ಚೌಕಟ್ಟು. ಹಿಂದಿನ ಬಣ್ಣವೊಂದೇ ಬೇರೆ. ದಿನವಿಡೀ ಆ ಯಂತ್ರದ ಶಾಯಿಯ ಘಾಟು ಕುಡಿದು ಮನೆಗೆ ಬರುವಷ್ಟರಲ್ಲಿ ಅವಳಿಗೆ ಯಾರ ಹುಟ್ಟಾಗಲಿ ಸಾವಾಗಲಿ ಒಂದೇ ಎನಿಸುತ್ತಿತ್ತು.

ಅತ್ತಿಗೆ ಅವಳ ಅಣ್ಣನ ಹೆಂಡತಿ. ನೂಲಿನ ಮಿಲ್ಲಿನಲ್ಲಿ ರಾತ್ರಿ ಪಾಳಿಯ ಕೆಲಸಗಾರ್ತಿಯಾಗಿದ್ದವಳು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ನಾದಿನಿಯರಿಬ್ಬರೇ ಆ ಎರಡು ಕೋಣೆಯ ಮನೆಯಲ್ಲಿ ಉಳಿದಿದ್ದರು. ಅತ್ತಿಗೆ ನಾದಿನಿಯರದು ಹಾವು ಮುಂಗುಸಿಯ ಸಂಬಂಧ ಎನ್ನುತ್ತಾರೆ. ಇವರಿಬ್ಬರಿಗೆ ಜಗಳಾಡಲು ಪುರುಸೊತ್ತೇ ಸಿಕ್ಕಿರಲಿಲ್ಲ.

ಆ ಪೋಸ್ಟರ್ ಹುಟ್ಟಿದ್ದು ಒಂದು ಬೆಳಿಗ್ಗೆ. ಮಿಲ್ಲಿನವರು ಕೂಲಿ ಹೆಚ್ಚಿಸದೆ ಪಾಳಿಯನ್ನು ಮಾತ್ರ ಉದ್ದ ಮಾಡಿದ್ದರು. ಮುಷ್ಕರಕ್ಕೆ ಪೋಸ್ಟರ್ ಬೇಕೆಂದು ಸಂಘದವರು ಬೋರ್ಡಕ್ಕನನ್ನು ಕೇಳಿದ್ದರು. ಏನು ಬರೆಯಲಿ ಎಂದು ಅವಳು ಪೆನ್ಸಿಲು ಕಚ್ಚುತ್ತ ಕೂತಿದ್ದಾಗ, ಪಾಳಿ ಮುಗಿಸಿದ ಅತ್ತಿಗೆ ಒಳಗೆ ಬಂದು ಟೀ ಲೋಟ ಹಿಡಿದು ಗೋಡೆಗೊರಗಿದಳು. ಕೂದಲಲ್ಲೂ ಹುಬ್ಬಲ್ಲೂ ಹತ್ತಿಯ ಎಳೆಗಳು. "ಸಾಕಾಯ್ತು ಕಣೇ, ಇನ್ನು ಸಾಕು," ಎಂದವಳೇ ಬಾಯಿ ತೆರೆದು ದೊಡ್ಡದಾಗಿ ಆಕಳಿಸಿದಳು. ಬೋರ್ಡಕ್ಕ ಆ ಆಕಳಿಕೆಯನ್ನೇ ಬರೆದುಕೊಂಡಳು. ನೆಲಕ್ಕೆ ಹಾಸುವ ರಬ್ಬರಿನಂಥ ಹಾಳೆಯ ತುಂಡೊಂದರ ಮೇಲೆ ಚಿತ್ರವನ್ನೂ ಅಕ್ಷರಗಳನ್ನೂ ತಿರುಗುಮುರುಗಾಗಿ ಕೊರೆದು, ಮಸಿ ಬಳಿದು, ಮೇಲೆ ಕಾಗದವಿಟ್ಟು ಚಮಚದ ಬೆನ್ನಿನಿಂದ ಉಜ್ಜಿ ಉಜ್ಜಿ ಅಚ್ಚು ತೆಗೆದಳು. ಊರಿಗೆ ಅದು ಆಕಳಿಕೆಯಾಗಿ ಕಾಣಲಿಲ್ಲ, ಕೂಗಾಗಿ ಕಂಡಿತು. ಮಿಲ್ಲಿನ ಗೋಡೆ, ಸೇತುವೆಯ ಕಂಬ, ಮಾರುಕಟ್ಟೆಯ ಬಾಗಿಲು, ಎಲ್ಲಿ ನೋಡಿದರೂ ಅತ್ತಿಗೆ ಕೂಗುತ್ತಿದ್ದಳು.

ಮುಷ್ಕರ ಸೋತಿತು. ಹಸಿದ ಜನ ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಒಳಗೆ ಹೋದರು, ಮಿಲ್ಲಿನವರು ಸೇರಿಸಿಕೊಂಡರು. ಅತ್ತಿಗೆ ಹೋದಾಗ ಗೇಟಿನ ಕಾವಲುಗಾರ ಅವಳನ್ನು ನೋಡಿ, ಗೋಡೆಯನ್ನು ನೋಡಿ, "ನೀನೇ ಅಲ್ವೇನಮ್ಮ ಅದು?" ಎಂದ. ಆ ಊರಿನ ಬೇರೆ ಮಿಲ್ಲುಗಳಲ್ಲೂ ಅದೇ ಪ್ರಶ್ನೆ. ಅಂದಿನಿಂದ ಅತ್ತಿಗೆ ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿ ಹೊಲಿದಳು, ಕಣ್ಣು ಸಾಕೆನ್ನುವ ತನಕ. ಈ ಮಾತನ್ನು ಇಬ್ಬರೂ ಮುಚ್ಚಿಟ್ಟವರಲ್ಲ. "ನನ್ನ ನಾದಿನಿ ಕೈಗುಣ ಅಂಥದ್ದು. ಒಂದು ಸಲ ಬರೆದ್ಳು ನೋಡಿ, ಜೀವಮಾನಕ್ಕಾಗುವಷ್ಟು ರಜೆ ಸಿಕ್ತು," ಎಂದು ಅತ್ತಿಗೆ ಬಂದವರ ಮುಂದೆಲ್ಲ ನಗಾಡುತ್ತಿದ್ದಳು. ಬೋರ್ಡಕ್ಕನೂ ನಗುತ್ತಿದ್ದಳು. ಆದರೆ ಆಮೇಲೆ ಅವಳು ಗುರುತಿನವರ ಮುಖವನ್ನು ಯಾವ ಗೋಡೆಗೂ ಬರೆದಿರಲಿಲ್ಲ.

ಮಾರನೆಯ ಬೆಳಿಗ್ಗೆ ಬೋರ್ಡಕ್ಕ ಬಸ್‌ಸ್ಟಾಪಿಗೆ ಹೋಗಿ ನೋಡಿದಳು. ಗಾಜಿನ ಹಿಂದೆ, ಒಳಗಿನಿಂದ ದೀಪ ಹಾಕಿದ ಪೆಟ್ಟಿಗೆಯಲ್ಲಿ ಅತ್ತಿಗೆ ನಿಂತಿದ್ದಳು. ಕೊರೆಯುವಾಗ ಉಳಿ ಜಾರಿ 'ಸಾ' ಅಕ್ಷರಕ್ಕೆ ಬಿದ್ದಿದ್ದ ಗೀರು ಕೂಡ ಹಾಗೇ ಇತ್ತು. ಕಪ್ಪು ಮಸಿಯ ಜಾಗದಲ್ಲಿ ಮುಲಾಮಿನ ಡಬ್ಬಿಗೆ ಹೊಂದುವ ಹಸಿರು ಬಂದಿತ್ತು. ಪಕ್ಕದಲ್ಲಿ ನಿಂತಿದ್ದವರು ಯಾರೂ ಅತ್ತ ನೋಡುತ್ತಿರಲಿಲ್ಲ. ಎಲ್ಲರ ತಲೆಯೂ ಮೊಬೈಲಿನಲ್ಲಿತ್ತು. ಅವಳಿಗೆ ಮೈಯೆಲ್ಲ ಉರಿಯಿತು. ಮೂಲೆಯಲ್ಲಿ ಸಣ್ಣಕ್ಷರದಲ್ಲಿದ್ದ ಜಾಹೀರಾತು ಕಚೇರಿಯ ಹೆಸರನ್ನು ಓದಿಕೊಂಡು ಮನೆಗೆ ಬಂದಳು.

"ಅತ್ತಿಗೆ, ಏಳಿ. ಹೋಗಿ ಕೇಳಿ ಬರೋಣ."

"ಕೇಳಿ ಏನು ಮಾಡ್ತೀಯ? ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ, ಈ ವಯಸ್ಸಲ್ಲಿ ನಮಗ್ಯಾಕೆ ವ್ಯಾಜ್ಯ?"

"ನಿಮ್ಮ ಮುಖ ಅದು!"

"ನನ್ನ ಮುಖ ಇಲ್ಲಿದೆಯಲ್ಲೇ," ಎಂದು ಅತ್ತಿಗೆ ಕೆನ್ನೆ ಮುಟ್ಟಿಕೊಂಡಳು. ಆದರೂ ಎದ್ದಳು. ನಾದಿನಿ ಒಬ್ಬಳೇ ಹೋದರೆ ಕೂಗಾಡಿ ರಕ್ತದೊತ್ತಡ ಏರಿಸಿಕೊಂಡು ಬರುತ್ತಾಳೆಂಬ ಭಯ ಅವಳಿಗೆ.

ಜಾಹೀರಾತು ಕಚೇರಿಯ ಗೋಡೆಗಳೆಲ್ಲ ಬೆಳ್ಳಗೆ ಬರಿದಾಗಿದ್ದವು. ಅವರನ್ನು ಮಾತಾಡಿಸಲು ಬಂದವಳು ದಪ್ಪ ಕನ್ನಡಕದ ಒಬ್ಬ ಯುವತಿ. ಆ ಪೋಸ್ಟರನ್ನು ಜೋಡಿಸಿದ್ದು ಅವಳೇ. ಬೋರ್ಡಕ್ಕ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನು ಶುರುಮಾಡುವ ಮೊದಲೇ ಅವಳು ಅತ್ತಿಗೆಯ ಮುಖ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಅಮ್ಮಾ, ನೀವು ಇದ್ದೀರಾ?"

"ಇದ್ದೀನಿ ತಾಯಿ. ಏನೋ, ಹೀಗಿದ್ದೀನಿ."

ಮ್ಯೂಸಿಯಂನಲ್ಲಿ ಹಳೆಯ ಪೋಸ್ಟರುಗಳ ಪ್ರದರ್ಶನ ನಡೆಯುತ್ತಿದೆಯೆಂದೂ, ಅಲ್ಲಿ 'ಕಲಾವಿದರು: ಅಜ್ಞಾತ' ಎಂದು ಬರೆದಿದ್ದರೆಂದೂ, ಯಾರದೂ ಅಲ್ಲದ ಚಿತ್ರ ಎಂದುಕೊಂಡು ಬಳಸಿದೆವೆಂದೂ ಅವಳು ತಡವರಿಸುತ್ತ ಹೇಳಿದಳು. ಅವಳ ಕಣ್ಣುಗಳ ಕೆಳಗೆ ಕಪ್ಪು ಕಟ್ಟಿತ್ತು. ಮೇಜಿನ ಮೇಲೆ ಅರ್ಧ ತಿಂದಿಟ್ಟ ಬ್ರೆಡ್ಡು ಒಣಗುತ್ತಿತ್ತು.

"ಅಜ್ಞಾತ ಅಂದ್ರೆ ಸತ್ತಿದ್ದಾರೆ ಅಂತಲ್ಲಮ್ಮ," ಎಂದಳು ಬೋರ್ಡಕ್ಕ. "ಹುಡುಕಿಲ್ಲ ಅಂತ ಅರ್ಥ."

"ನಿಜ ಆಂಟಿ. ಹುಡುಕೋಕೆ ಟೈಮ್ ಕೊಡಲ್ಲ ನಮಗೆ. ಬೆಳಿಗ್ಗೆ ಹೇಳ್ತಾರೆ, ಸಂಜೆ ಬೇಕು ಅಂತಾರೆ."

ಅವಳ ಮೇಲಧಿಕಾರಿ ಒಳಗಿನ ಕೋಣೆಯಿಂದ ಬಂದ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿದ. ಕ್ಷಮೆ ಕೇಳಿದ. ಬಸ್‌ಸ್ಟಾಪುಗಳ ಗುತ್ತಿಗೆ ಮುಗಿದ ತಕ್ಷಣ ಪೋಸ್ಟರ್ ತಾನಾಗಿಯೇ ಹೋಗುತ್ತದೆಂದ. ಈಗಲೇ ತೆಗೆಸಿ ಎಂದು ಬೋರ್ಡಕ್ಕ ಪಟ್ಟುಹಿಡಿದಳು. ಅವನು ನಗುನಗುತ್ತಲೇ ಆಗದೆಂದ.

ಆಗ ಅತ್ತಿಗೆ ಕೇಳಿದಳು: "ಅದಿರಲಿ, ಆ ಮುಲಾಮು ಕೆಲಸ ಮಾಡುತ್ತಾ?"

"ಗೊತ್ತಿಲ್ಲಮ್ಮ, ನಾನು ಹಚ್ಕೊಂಡು ನೋಡಿಲ್ಲ," ಎಂದಳು ಕನ್ನಡಕದವಳು. ಹೊರಡುವಾಗ ಅವರಿಬ್ಬರ ಕೈಗೆ ಮುಲಾಮಿನ ಡಬ್ಬಿಗಳ ರಟ್ಟಿನ ಪೆಟ್ಟಿಗೆಯೊಂದನ್ನು ಕೊಟ್ಟರು. ಅತ್ತಿಗೆ ಬೇಡವೆನ್ನಲಿಲ್ಲ.

ರಸ್ತೆಗಿಳಿದ ಮೇಲೆ ಬೋರ್ಡಕ್ಕನ ಸಿಟ್ಟು ಅತ್ತಿಗೆಯ ಕಡೆ ತಿರುಗಿತು. "ಮಾನ ಮರ್ಯಾದೆ ಬೇಡ್ವಾ? ಅದನ್ಯಾಕೆ ತಗೊಂಡ್ರಿ?"

"ಕೊಟ್ರು, ತಗೊಂಡೆ. ಮುಖ ಅಂತೂ ಹೋಯ್ತು, ಮಂಡಿಯಾದ್ರೂ ಉಳೀಲಿ."

"ಆ ಚಿತ್ರಕ್ಕೋಸ್ಕರ ನೀವು ಏನೇನು ಕಳ್ಕೊಂಡ್ರಿ, ಅದನ್ನ ಇವರು ಹೀಗೆ..."

"ನೋಡು," ಎಂದು ಅತ್ತಿಗೆ ಫುಟ್‌ಪಾತಿನ ಕಟ್ಟೆಯ ಮೇಲೆ ಕೂತಳು. "ಕೋಪ ಮಾಡ್ಕೊಳ್ಳೋಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ನನ್ನ ಹತ್ರ ಇರೋದು ಮನೆ ಮೆಟ್ಟಿಲು ಹತ್ತೋಕೆ ಆಗುವಷ್ಟು ಮಾತ್ರ. ಅದನ್ನ ಇಲ್ಲೇ ಖರ್ಚು ಮಾಡ್ಸಬೇಡ."

ಬಸ್ಸು ಹಿಡಿದು ಮನೆ ಕಡೆ ಹೊರಟವರು ಮ್ಯೂಸಿಯಂ ಎದುರಿಗೆ ಬಂದಾಗ ಇಳಿದುಕೊಂಡರು. ಇಳಿಯೋಣ ಎಂದದ್ದು ಅತ್ತಿಗೆಯೇ. ಒಳಗೆ ತಣ್ಣಗಿತ್ತು, ಕೂರಲು ಬೆಂಚುಗಳಿದ್ದವು. ಮೂರನೆಯ ಕೋಣೆಯಲ್ಲಿ ಗಾಜು ಹಾಕಿದ ಚೌಕಟ್ಟಿನಲ್ಲಿ ಆ ಪೋಸ್ಟರ್ ಇತ್ತು. ಕಾಗದ ಕಂದಿ, ಅಂಚು ಹರಿದು, ನಾಲ್ಕು ಮೂಲೆಯಲ್ಲೂ ಮೈದಾ ಅಂಟಿನ ಕಲೆ. 'ಘೋಷಣೆ ಕೂಗುತ್ತಿರುವ ಕಾರ್ಮಿಕ ಮಹಿಳೆ' ಎಂಬ ಚೀಟಿ. ತಾನು ತೆಗೆದ ಅಚ್ಚುಗಳಲ್ಲಿ ಒಂದಾದರೂ ಉಳಿದಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಹತ್ತಿರ ಹೋದಳು.

"ಮುಟ್ಟಬೇಡಿ," ಎಂದ ಕಾವಲಿನವನು.

"ಆಗ ಅಂಟಿಸಿದ್ರೆ ಹಿಡೀತಿದ್ರು, ಈಗ ಮುಟ್ಟಿದ್ರೆ ಹಿಡೀತಾರೆ," ಎಂದಳು ಬೆಂಚಿನ ಮೇಲಿಂದ ಅತ್ತಿಗೆ. ಆಮೇಲೆ ಚೀಟಿಯಲ್ಲೇನಿದೆ ಓದು ಎಂದಳು. ಓದಿದ್ದನ್ನು ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. "ಘೋಷಣೆ! ನಿದ್ದೆ ಬಂದಿತ್ತು ಕಣಪ್ಪ ನಂಗೆ," ಎಂದು ಕಾವಲಿನವನಿಗೆ ಹೇಳಿದಳು. ಅವನಿಗೆ ಏನೂ ಅರ್ಥವಾಗಲಿಲ್ಲ. ಅವನೂ ಆಕಳಿಸುತ್ತಿದ್ದ. ಮ್ಯೂಸಿಯಂ ಕಚೇರಿಯಲ್ಲಿ ಹೇಳಿ ಹೆಸರು ಬರೆಸೋಣವೆಂದು ಬೋರ್ಡಕ್ಕ ಹೋದಳು. ಸಂಬಂಧಪಟ್ಟವರು ರಜೆಯಲ್ಲಿದ್ದರು.

ಅದಾಗಿ ಕೆಲವು ವಾರಕ್ಕೆ ಬೀದಿ ಗುಡಿಸುವ ಹೆಂಗಸರು ಫ್ಲೆಕ್ಸ್ ಅಂಗಡಿಗೆ ಬಂದರು. ಗುತ್ತಿಗೆದಾರ ವಾರದ ರಜೆ ಕೊಡುತ್ತಿರಲಿಲ್ಲ, ಬರಿಗೈಯಲ್ಲಿ ಕಸ ಎತ್ತಿಸುತ್ತಿದ್ದ, ಕೆಲಸ ಕಾಯಂ ಮಾಡಿಸುತ್ತೇನೆಂದು ವರ್ಷಗಟ್ಟಲೆ ಮೂಗಿಗೆ ತುಪ್ಪ ಸವರಿದ್ದ. ಅವರು ಕೆಲಸ ನಿಲ್ಲಿಸುವವರಿದ್ದರು. ಗುಂಪಿನ ಮುಂದಿದ್ದವಳು ಬಿಸಿಲಿಗೆ ಸುಟ್ಟ ಮುಖದ, ಗಟ್ಟಿ ಗಂಟಲಿನ ಹೆಂಗಸು.

"ಅಕ್ಕಾ, ನಮಗೆ ಬ್ಯಾನರ್ ಬೇಡ, ಅದನ್ನ ಯಾರೂ ನೋಡಲ್ಲ. ಪೋಸ್ಟರ್ ಬೇಕು. ಬಸ್‌ಸ್ಟಾಪಲ್ಲಿ ಇದೆಯಲ್ಲ, ಮುಲಾಮಿಂದು, ಆ ಹೆಂಗಸಿನ ಥರ. ನಮಗೆ ಹೇಳಿ ಮಾಡಿಸಿದ ಹಾಗಿದೆ."

ಬೋರ್ಡಕ್ಕ ಕುರ್ಚಿ ತಿರುಗಿಸಿ ಅವರನ್ನೆಲ್ಲ ನೋಡಿದಳು. ಆ ಪೋಸ್ಟರ್ ಯಾರದೆಂದು ಹೇಳಲಿಲ್ಲ. "ಅದು ಬೇಡ. ಅದೀಗ ಮುಲಾಮಿನ ಪಾಲಾಗಿದೆ. ನಿಮ್ಮಲ್ಲೇ ಯಾರಾದ್ರೂ ಕೂತ್ಕೊಳ್ಳಿ, ಬರೀತೀನಿ," ಎಂದಳು. ಬಾಯಿಂದ ಮಾತು ಬಿದ್ದ ಮೇಲೆ ಅವಳಿಗೆ ಮಿಲ್ಲಿನ ಗೇಟಿನ ಕಾವಲುಗಾರ ನೆನಪಾದ.

ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬಳು ಮಗಳ ಮದುವೆಯೆಂದಳು. ಒಬ್ಬಳು ಗಂಡ ಮಲಗಿದಲ್ಲೇ ಇದ್ದಾನೆಂದಳು. ಗಟ್ಟಿ ಗಂಟಲಿನವಳು ಕೂಡ ನೆಲ ನೋಡಿದಳು. "ನಾನು ಕೂಗೋಳು ಅಕ್ಕ. ಕೂಗಿದ್ದು ಗಾಳಿಗೆ ಹೋಗುತ್ತೆ. ಗೋಡೆ ಮೇಲಿರೋದು ಹೋಗಲ್ವಲ್ಲ," ಎಂದಳು. ಬೆಕ್ಕಿಗೆ ಗಂಟೆ ಕಟ್ಟಲು ಎಲ್ಲರೂ ಸಿದ್ಧರಿದ್ದರು. ಗಂಟೆಯ ಮೇಲೆ ಹೆಸರು ಕೆತ್ತಿಸಲು ಯಾರೂ ಇರಲಿಲ್ಲ. ಅವರನ್ನು ಹೇಡಿಗಳೆನ್ನಲು ಬೋರ್ಡಕ್ಕನಿಗೆ ಬಾಯಿ ಬರಲಿಲ್ಲ. ನಾಳೆ ಬನ್ನಿ ಎಂದು ಕಳಿಸಿದಳು.

ಸಂಜೆ ಊಟಕ್ಕೆ ಕೂತಾಗ ಅತ್ತಿಗೆಗೆ ಹೇಳಿದಳು. "ಪೊರಕೆ ಹಿಡಿದ ಒಂದು ಕೈ ಬರೆದುಕೊಡ್ತೀನಿ. ಮುಖ ಬೇಡ."

"ಕೈಗೆ ಯಾರು ಮರುಗ್ತಾರೆ? ಜನ ಕಣ್ಣು ನೋಡ್ತಾರೆ." ಅತ್ತಿಗೆ ತಟ್ಟೆ ಸರಿಸಿದಳು. "ನನ್ನನ್ನೇ ಬರಿ."

"ಹಳೇದು ಬೇಡ ಅಂದ್ನಲ್ಲ ಅತ್ತಿಗೆ."

"ಹಳೇದಲ್ವೇ. ಈಗಿನದು. ಈ ಮುಖ ಇನ್ನೂ ಯಾವ ಗೋಡೆ ಮೇಲೂ ಇಲ್ಲ. ನನ್ನನ್ನು ಇನ್ನು ಯಾರು ಯಾವ ಕೆಲಸದಿಂದ ತೆಗೀತಾರೆ ಹೇಳು?"

ಬೋರ್ಡಕ್ಕ ಬೇಡವೆಂದಳು, ವಾದಿಸಿದಳು, ಕೊನೆಗೆ ಕಣ್ಣೊರೆಸಿಕೊಂಡಳು. ಅತ್ತಿಗೆ ಅಷ್ಟರಲ್ಲಿ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡು ಕೂತಾಗಿತ್ತು.

"ಬೇಗ ಮುಗಿಸು, ಕೂತ್ರೆ ಸೊಂಟ ಹಿಡಿಯುತ್ತೆ. ಮತ್ತೆ ಈ ಸಲ ಬಾಯಿ ಮುಚ್ಚಿ ಬರಿ. ಹಲ್ಲಿಲ್ಲ."

ಬೋರ್ಡಕ್ಕ ಕಾಗದದ ಮೇಲೆ ಇದ್ದಿಲು ಹಿಡಿದು ಬರೆದಳು. ಬೆರಳುಗಳು ಮೌಸಿಗೆ ಒಗ್ಗಿ ಹೋಗಿದ್ದವು, ಮೊದಲ ಗೆರೆಗಳು ನಡುಗಿದವು. ಎರಡು ಹಾಳೆ ಹರಿದಳು. ಮೂರನೆಯದರಲ್ಲಿ ಅತ್ತಿಗೆಯ ಕಣ್ಣಿನ ಕೆಳಗಿನ ಚೀಲಗಳು, ಗುಂಡಿ ಹೊಲಿದು ಹೊಲಿದು ಕಿರಿದಾದ ನೋಟ, ಮುಚ್ಚಿದ ತುಟಿಗಳು ಬಂದವು. ಹೆಗಲಿಗೆ ಪೊರಕೆಯೊಂದನ್ನು ಒರಗಿಸಿದಳು. ಕೆಳಗೆ ಏನು ಬರೆಯಲಿ ಎಂದು ಕೇಳಿದಾಗ ಅತ್ತಿಗೆ, "ಅವರಿಗೆ ಬೇಕಾದ್ದನ್ನ ಬರಿ. 'ವಾರಕ್ಕೊಂದು ರಜೆ ಕೊಡಿ' ಅಂತ ಬರಿ. ಒಗಟು ಯಾಕೆ?" ಎಂದಳು.

ಫ್ಲೆಕ್ಸ್ ಅಂಗಡಿಯ ಮಾಲೀಕ ತನ್ನ ಯಂತ್ರದಲ್ಲಿ ಅದನ್ನು ಅಚ್ಚು ಹಾಕಲು ಒಪ್ಪಲಿಲ್ಲ. ಗುತ್ತಿಗೆದಾರನ ಹುಟ್ಟುಹಬ್ಬದ ಬ್ಯಾನರ್ ಅವನ ಅಂಗಡಿಯದೇ. ಬೋರ್ಡಕ್ಕ ಮನೆಯಲ್ಲೇ ಮರದ ಚೌಕಟ್ಟಿಗೆ ತೆಳು ಬಟ್ಟೆ ಬಿಗಿದು, ಅದರ ಮೂಲಕ ಬಣ್ಣ ಎಳೆದು ಪೋಸ್ಟರುಗಳನ್ನು ತೆಗೆದಳು. ಹೆಂಗಸರೇ ಬಂದು ಹಗ್ಗಕ್ಕೆ ನೇತುಹಾಕಿ ಒಣಗಿಸಿದರು. ಬೆಳಕು ಹರಿಯುವಾಗ ತಾವು ಗುಡಿಸುವ ಬೀದಿಗಳಲ್ಲೇ ಅಂಟಿಸಿದರು. ಯಾರೋ ಫೋಟೋ ತೆಗೆದು ಮೊಬೈಲಿಗೆ ಬಿಟ್ಟರು. ಗೋಡೆಗಿಂತ ಹೆಚ್ಚು ಜನ ಅದನ್ನು ಅಂಗೈಯಲ್ಲೇ ನೋಡಿದರು. ಹೆಂಗಸರು ಪೊರಕೆ ಕೆಳಗಿಟ್ಟು ಮೆರವಣಿಗೆ ಹೊರಟರು, ಊರು ನಾರತೊಡಗಿತು.

ಒಂದು ಮಧ್ಯಾಹ್ನ ಗುತ್ತಿಗೆದಾರನ ಕಡೆಯವನೊಬ್ಬ ಪೋಸ್ಟರನ್ನು ಸುರುಳಿ ಸುತ್ತಿಕೊಂಡು, ಬೀದಿ ಬೀದಿ ವಿಚಾರಿಸಿ, ಮನೆ ಬಾಗಿಲಿಗೆ ಬಂದ. ಅತ್ತಿಗೆ ಹೊಸ್ತಿಲ ಬಳಿ ಕಾಲು ಚಾಚಿ ಮಂಡಿಗೆ ಮುಲಾಮು ತಿಕ್ಕುತ್ತಿದ್ದಳು.

"ನೀವೇ ಅಲ್ವಾ ಇದು? ಯಾವ ವಾರ್ಡು?"

"ಮಂಡಿನೋವಿನ ವಾರ್ಡು."

"ತಮಾಷೆ ಬೇಡ. ನಿಮ್ಮನ್ನ ಕೆಲಸದಿಂದ ತೆಗೀಬೇಕಾಗುತ್ತೆ."

"ತೆಗಿಯಪ್ಪ. ಪುಣ್ಯ ಬರುತ್ತೆ. ಅಡುಗೆ ಕೆಲಸದಿಂದಲೂ ತೆಗೆದ್ರೆ ಇನ್ನೂ ಒಳ್ಳೇದು."

ಅವನು ಹೆಸರು ಕೇಳಿ ಹೋದ. ಬೋರ್ಡಕ್ಕ ಸಂಜೆ ಇದನ್ನು ಕೇಳಿ ಎಷ್ಟೋ ದಿನಕ್ಕೆ ಹೊಟ್ಟೆ ತುಂಬ ನಕ್ಕಳು.

ಕೊನೆಗೆ ಹೆಂಗಸರಿಗೆ ವಾರಕ್ಕೊಂದು ರಜೆ ಸಿಕ್ಕಿತು, ಕೈಗವಸು ಸಿಕ್ಕಿತು. ಕೆಲಸ ಕಾಯಂ ಆಗಲಿಲ್ಲ. ಗೋಡೆಯ ಮೇಲೆ ಆ ಹೆಂಗಸರಲ್ಲಿ ಯಾರ ಮುಖವೂ ಇರದಿದ್ದರೂ, ಮೆರವಣಿಗೆಯಲ್ಲಿ ಯಾರೋ ತೆಗೆದ ಮೊಬೈಲ್ ಚಿತ್ರಗಳನ್ನು ನೋಡಿ ಗುತ್ತಿಗೆದಾರ ಇಬ್ಬರನ್ನು ತೆಗೆದುಹಾಕಿದ. ಅವರಲ್ಲಿ ಗಟ್ಟಿ ಗಂಟಲಿನವಳೂ ಒಬ್ಬಳು. ಕೂಗಿದ್ದು ಕೂಡ ಗಾಳಿಗೆ ಹೋಗುವ ಕಾಲ ಇದಾಗಿರಲಿಲ್ಲ. ಸುದ್ದಿ ಕೇಳಿದ ದಿನ ಬೋರ್ಡಕ್ಕ ಬಣ್ಣ ಎಳೆಯುವ ಆ ಮರದ ಚೌಕಟ್ಟನ್ನು ಗೋಡೆಗೆ ಮುಖ ಮಾಡಿ ಇಟ್ಟುಬಿಟ್ಟಳು.

ಗಟ್ಟಿ ಗಂಟಲಿನವಳು ಒಂದು ಭಾನುವಾರ ತಾನಾಗಿಯೇ ಬಂದಳು. ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಿದ್ದಳು. ಬೈಯಲು ಬಂದಿರಬಹುದೆಂದು ಬೋರ್ಡಕ್ಕ ಬಾಗಿಲಲ್ಲೇ ತಡವರಿಸಿದಳು.

"ಇಲ್ಲೇ ಹಾದು ಹೋಗ್ತಿದ್ದೆ ಅಕ್ಕ. ಬೀದಿ ಗುಡಿಸೋ ನನ್ನ ಹಳೇ ಜೊತೆಯವರು ಇವತ್ತು ರಜೆ ಅಂತ ಮನೇಲಿ ಮಲಗಿದ್ದಾರೆ. ನೋಡಿ ಬಂದೆ, ಎಲ್ಲಾ ಗೊರಕೆ ಹೊಡೀತಿದ್ರು. ಒಳ್ಳೇದಾಯ್ತು," ಎಂದಳು. ದನಿಯಲ್ಲಿ ಕಹಿ ಇತ್ತೋ ಇಲ್ಲವೋ ತಿಳಿಯಲಿಲ್ಲ.

"ಮೊದಲು ಕೂತ್ಕೋ," ಎಂದಳು ಅತ್ತಿಗೆ.

ಬೋರ್ಡಕ್ಕ ಟೀ ಮಾಡಿ ತರುವಷ್ಟರಲ್ಲಿ ಅವಳು ಕುರ್ಚಿಯಲ್ಲೇ ನಿದ್ದೆಹೋಗಿದ್ದಳು. ಸೋಪಿನ ನೀರಿಗೆ ಬೆಂದ ಬೆರಳುಗಳು ಮಡಿಲಲ್ಲಿ ಬಿಡಿಸಿಕೊಂಡು ಬಿದ್ದಿದ್ದವು.

"ಎಬ್ಬಿಸ್ಲಾ? ಟೀ ಆರಿಹೋಗುತ್ತೆ," ಎಂದಳು ಬೋರ್ಡಕ್ಕ ಪಿಸುದನಿಯಲ್ಲಿ.

"ಆರಲಿ ಬಿಡು. ಮತ್ತೆ ಕಾಯಿಸಿದ್ರಾಯ್ತು."

ಬೋರ್ಡಕ್ಕ ಲೋಟದ ಮೇಲೊಂದು ತಟ್ಟೆ ಮುಚ್ಚಿದಳು. ಫ್ಯಾನನ್ನು ಮಲಗಿದವಳ ಕಡೆಗೆ ತಿರುಗಿಸಿ, ಅತ್ತಿಗೆಯ ಪಕ್ಕದಲ್ಲಿ ಕೂತಳು.